ಮನೆಯೊಳಗೇ ಕಳೆದುಹೋದವಳು

ಸಲಹೆಗೆಂದು ನನ್ನ ಹತ್ತಿರ ಬಂದ ಒಬ್ಬರ ಪ್ರಕರಣ ಇದು. ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹೆಸರೂ ಬೇಡ ಅಂದರು. ಹಾಗಾಗಿ ಇಲ್ಲಿ ಅವರನ್ನು 'ಅಕ್ಕ' ಎಂದೇ ಕರೆಯುತ್ತೇನೆ. ಮನೆಯಲ್ಲೂ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ತಮ್ಮನಿಗೆ ಅಕ್ಕ. ಅಪ್ಪನ ಬಾಯಲ್ಲೂ 'ಅಕ್ಕನ್ನ ಕೇಳು', 'ಅಕ್ಕ ನೋಡ್ಕೋತಾಳೆ'.

ಅಕ್ಕನಿಗೆ 40 ದಾಟಿದೆ. ಮದುವೆಯಾಗಿಲ್ಲ. ಕೆಲಸಕ್ಕೆ ಹೋಗುತ್ತಾರೆ. ತಾಯಿ ತೀರಿಕೊಂಡು 6 ವರ್ಷ. ತಂದೆಗೆ ಲಕ್ವ ಹೊಡೆದು ಎಡಗೈ ಎತ್ತಲು ಆಗುವುದಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವುದರಿಂದ ಹಿಡಿದು ರಾತ್ರಿಯ ಮಾತ್ರೆಯವರೆಗೆ ಎಲ್ಲವೂ ಅಕ್ಕನ ಪಾಲಿಗೆ. ತಮ್ಮ ಒಬ್ಬನೇ. 11 ವರ್ಷದ ಹಿಂದೆ ಅಮ್ಮನ ಒಡವೆ ತೆಗೆದುಕೊಂಡು ಮನೆ ಬಿಟ್ಟು ಹೋದ. ಕುಡಿತ, ಸಾಲ. ಮೊದಮೊದಲು ದುಡ್ಡು ಕೇಳಿಕೊಂಡು ಫೋನ್ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಅಮ್ಮ ಹೋದ ಸುದ್ದಿ ಮುಟ್ಟಿಸಲು ಅವನ ವಿಳಾಸವೂ ಇರಲಿಲ್ಲ.

ಒಂದು ದಿನ ಅವನು ವಾಪಸ್ ಬಂದ.

ಅಪ್ಪ ಒಂದೇ ಕೈಯಲ್ಲಿ ಅವನನ್ನು ತಬ್ಬಿಕೊಂಡು ಅತ್ತರು. ಭಾನುವಾರ ಚರ್ಚ್ ಸಭೆಯಲ್ಲಿ ಎದ್ದು ನಿಂತು, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಿದರು. ಪಾಸ್ಟರ್ ತಪ್ಪಿಹೋದ ಮಗನ ಕಥೆಯ ಮೇಲೆಯೇ ಸಂದೇಶ ಕೊಟ್ಟರು. ಆಸ್ತಿಯ ಪಾಲು ತೆಗೆದುಕೊಂಡು ಹೋಗಿ, ಎಲ್ಲ ಕಳೆದು, ಹಂದಿ ಕಾಯುವ ಸ್ಥಿತಿಗೆ ಬಂದು ಮರಳಿದ ಕಿರಿಯ ಮಗನನ್ನು ಅಪ್ಪ ಹಬ್ಬ ಮಾಡಿ ಸೇರಿಸಿಕೊಂಡ ಎಂದು ಯೇಸು ಹೇಳಿದ ಕಥೆ ಅದು. ಅರ್ಧ ಸಭೆ ಕಣ್ಣೊರೆಸಿಕೊಂಡಿತು. ಮನೆಯಲ್ಲಿ ಕೃತಜ್ಞತಾ ಪ್ರಾರ್ಥನೆ ಇಟ್ಟುಕೊಂಡರು. 40 ಜನರಿಗೆ ಊಟ.

"ಆ 40 ಜನರಿಗೆ ಅಡುಗೆ ಮಾಡಿದ್ದು ನಾನು ಮೇಡಂ," ಎಂದರು ಅಕ್ಕ. "ಎಲ್ಲರೂ ಬಂದು ನನ್ನ ಕೈ ಹಿಡ್ಕೊಂಡು, ನಿಮ್ಮ ಪ್ರಾರ್ಥನೆ ದೇವರು ಕೇಳಿದ ಅಂದರು. ಅವನಿಗೋಸ್ಕರ ಪ್ರಾರ್ಥನೆ ಮಾಡೋದನ್ನ ನಾನು ಯಾವಾಗಲೋ ಬಿಟ್ಟಿದ್ದೆ. ಅದನ್ನ ಯಾರ ಹತ್ತಿರ ಹೇಳಲಿ?"

ಮೊದಲ ಭೇಟಿಯಲ್ಲಿ ಅವರು ಕೈಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲೇ ಇಲ್ಲ. ನಿದ್ದೆ ಬರುತ್ತಿಲ್ಲ, ಸಣ್ಣಪುಟ್ಟದ್ದಕ್ಕೂ ರೇಗುತ್ತೇನೆ, ಸಭೆಗೆ ಹೋಗಲು ಮನಸ್ಸಿಲ್ಲ ಎಂದರು. ನಾನು ನಂಬಿಕೆಯುಳ್ಳವಳೇ. ಆದರೂ ಸಲಹೆಗೆ ಬಂದವರು ತಾವಾಗಿ ಎತ್ತದ ಹೊರತು ದೇವರ ವಾಕ್ಯ ತೆಗೆದು ಮುಂದಿಡುವುದಿಲ್ಲ. ಇಲ್ಲಿ ಎತ್ತಿದ್ದು ಅಕ್ಕ.

"ಕಳೆದುಹೋದ ಒಂದು ಕುರಿಗೋಸ್ಕರ ಕುರುಬ ಉಳಿದ 99ನ್ನ ಎಲ್ಲಿ ಬಿಟ್ಟುಹೋದ, ಗಮನಿಸಿದ್ದೀರಾ? ಅಡವಿಯಲ್ಲಿ. ಬೈಬಲಿನಲ್ಲಿ ಲೂಕ ಹಾಗೇ ಬರೆದಿದ್ದಾನೆ. ಹಟ್ಟಿಗೆ ಸೇರಿಸಿ ಹೋದ ಅಂತ ಇಲ್ಲ. ಆ 99ರಲ್ಲಿ ಒಂದು ನಾನು. ನಮ್ಮನ್ನ ಕೇಳೋರು ಯಾರು?"

ಈಗ ಯೋಚಿಸಿದರೆ, ಅವರ ನೋವೆಲ್ಲ ಆ ಒಂದು ಮಾತಿನಲ್ಲೇ ಇತ್ತು. ನಾನು ಅದನ್ನು ಹಿಡಿಯಲಿಲ್ಲ. ಉತ್ತರ ಕೊಡಲು ಹೋದೆ. ಕುರುಬನಿಗೆ 99ರ ಮೇಲೂ ಪ್ರೀತಿ ಇದ್ದೇ ಇತ್ತು, ದೇವರ ಸಂತೋಷದಲ್ಲಿ ನಾವೂ ಪಾಲು ತೆಗೆದುಕೊಳ್ಳಬೇಕು, ಮನಸ್ಸಿನಲ್ಲಿ ಕಹಿ ಬೇರು ಬಿಡಬಾರದು ಎಂದೆಲ್ಲ ಹೇಳಿದೆ. ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಅಕ್ಕ "ಹೌದು ಮೇಡಂ", "ಸರಿ ಮೇಡಂ" ಎನ್ನುತ್ತಾ ಹೋದರು. ಚೀಲದ ಜಿಪ್ಪು ಎಳೆದುಕೊಂಡರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಮೂರನೆಯ ವಾರ ನಾನೇ ಫೋನ್ ಮಾಡಿದೆ. "ಆ ದಿನ ನಿಮ್ಮ ಮಾತು ಮುಗಿಯೋ ಮೊದಲೇ ನಾನು ಉತ್ತರ ಕೊಟ್ಟುಬಿಟ್ಟೆ. ತಪ್ಪಾಯ್ತು. ಇನ್ನೊಮ್ಮೆ ಬರ್ತೀರಾ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಒಂದು ಪುಸ್ತಕ ತಂದರೆ ನೋಡ್ತೀರಾ?" ಎಂದು ಕೇಳಿದರು.

ಅದು ಗೆರೆ ಹಾಕಿದ ಉದ್ದನೆಯ ನೋಟ್‌ಬುಕ್. ರಟ್ಟಿನ ಅಂಚು ಸವೆದು ಒಳಗಿನ ಬಿಳಿ ಕಾಣುತ್ತಿತ್ತು. ಒಳಗೆ ನೀಲಿ ಶಾಯಿಯಲ್ಲಿ ಮುತ್ತಿನಂಥ ಅಕ್ಷರ. ಅಮ್ಮನ ಆಸ್ಪತ್ರೆ ಖರ್ಚು. ಅಪ್ಪನ ಔಷಧಿ. ಕೈಗೆ ವ್ಯಾಯಾಮ ಮಾಡಿಸಲು ಬರುವವರ ಸಂಬಳ. ಸೋರುವ ಚಾವಣಿಯ ರಿಪೇರಿ. ಹಿಂದಿನ ಕೆಲವು ಪುಟಗಳಲ್ಲಿ, ತಮ್ಮನಿಗೆ ಸಾಲ ಕೊಟ್ಟು, ಅವನನ್ನು ಹುಡುಕಿಕೊಂಡು ಬಾಗಿಲಿಗೆ ಬಂದವರಿಗೆ ಕೊಟ್ಟ ಹಣ. ಪ್ರತಿ ವರ್ಷದ ಕೊನೆಯಲ್ಲಿ ಕೆಂಪು ಶಾಯಿಯ ಒಂದೇ ಸಾಲು: 'ನನಗಾಗಿ ತೆಗೆದುಕೊಂಡ ರಜೆ: ಇಲ್ಲ.'

ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಮಾತೂ ಆಡಲಿಲ್ಲ. ಮುಚ್ಚಿ ಕೊಟ್ಟಾಗ ಅಕ್ಕ, "ಇದನ್ನ ಇಲ್ಲಿವರೆಗೆ ಯಾರೂ ಓದಿರಲಿಲ್ಲ," ಎಂದರು. ಆ ದಿನದ ಭೇಟಿಯಲ್ಲಿ ಆದದ್ದು ಅಷ್ಟೇ. ಅಷ್ಟು ಸಾಕಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಮುಖ್ಯವಾದ ಮಾತು ಯಾವಾಗಲೂ ಹೊರಡುವ ಹೊತ್ತಿಗೇ ಬರುತ್ತದೆ. ಈ ಕೆಲಸ ಮಾಡುವವರಿಗೆಲ್ಲ ಇದು ಗೊತ್ತು. ಮೂರನೆಯ ಭೇಟಿ ಮುಗಿದಿತ್ತು. ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ತಲೆ ಎತ್ತದೆ ಹೇಳಿದರು:

"ಅವನು ಹೋದಾಗಿಂದ ಅಪ್ಪ ಬಾಗಿಲ ಹೊರಗಿನ ದೀಪ ಆರಿಸೋಕೆ ಬಿಟ್ಟಿರಲಿಲ್ಲ. 11 ವರ್ಷ, ರಾತ್ರಿಯೆಲ್ಲ ಉರೀತಿತ್ತು. ಮಗ ಕತ್ತಲಲ್ಲಿ ಬಂದರೆ ಮನೆ ಗುರುತು ಸಿಗಬೇಕು ಅಂತ. ಬಲ್ಬು ಹೋದಾಗೆಲ್ಲ ಸ್ಟೂಲು ಹತ್ತಿ ಬದಲಾಯಿಸ್ತಿದ್ದದ್ದು ನಾನು. ಅವನು ಬಂದ ಮಾರನೇ ದಿನ ನಾನು ಕೆಲಸ ಮುಗಿಸಿ ಬರುವಾಗ ಕತ್ತಲಾಗಿತ್ತು. ನೋಡ್ತೀನಿ, ದೀಪ ಇಲ್ಲ. ಅವನು ಬಂದಾಯ್ತಲ್ಲ, ಇನ್ನೇನು ಅಂತ ಅಪ್ಪ ಆರಿಸಿದ್ದರು. ಚೀಲದಲ್ಲಿ ಕೈ ಹಾಕಿ ತಡಕಾಡಿ ಬೀಗದಕೈ ಹುಡುಕ್ದೆ ಮೇಡಂ. ನಂದೇ ಮನೆ ಬಾಗಿಲಲ್ಲಿ."

ನಾನು ಈ ಸಲ ಉತ್ತರ ಕೊಡಲಿಲ್ಲ. ಮತ್ತೆ ಕೂರಿಸಿದೆ. ಅವರು ಅತ್ತರು. ಮೊದಲ ಸಲ.

ಆ ವಾರವೆಲ್ಲ ಆ ದೀಪ ನನ್ನ ತಲೆಯಲ್ಲಿತ್ತು. ಲೂಕನ ಸುವಾರ್ತೆಯ 15ನೇ ಅಧ್ಯಾಯವನ್ನು ಮತ್ತೆ ತೆರೆದು ಕೂತೆ. ಎಷ್ಟೋ ಸಲ ಓದಿದ ಅಧ್ಯಾಯ. ಕುರಿ, ನಾಣ್ಯ, ಮಗ ಎಂದು ಮೂರು ಕಥೆ. ನಾವು ಕುರಿಯ ಬಗ್ಗೆ ಹಾಡುತ್ತೇವೆ, ಮಗನ ಬಗ್ಗೆ ಸಂದೇಶ ಕೊಡುತ್ತೇವೆ. ನಡುವೆ ಇರುವ ನಾಣ್ಯವನ್ನು ದಾಟಿ ಹೋಗುತ್ತೇವೆ. ಎರಡೇ ಮೂರು ವಚನ ಅಲ್ವಾ. ಆದರೆ ಮೂರರಲ್ಲಿ ದೀಪ ಇರುವುದು ಅಲ್ಲಿ ಮಾತ್ರ. ಕುರಿ ಕಳೆದುಹೋದದ್ದು ಹೊರಗೆ. ಕಿರಿಯ ಮಗ ಕಳೆದುಹೋದದ್ದು ದೂರದೇಶದಲ್ಲಿ. ನಾಣ್ಯ ಕಳೆದುಹೋದದ್ದು ಮನೆಯೊಳಗೆ.

ನಾಲ್ಕನೆಯ ಭೇಟಿಯಲ್ಲಿ, "ಆ ಅಧ್ಯಾಯವನ್ನು ಜೊತೆಯಾಗಿ ಓದೋಣವಾ? ಬೇಡ ಅಂದರೂ ಪರವಾಗಿಲ್ಲ," ಎಂದು ಕೇಳಿದೆ. ಅಕ್ಕ ತಮ್ಮದೇ ಬೈಬಲ್ ತೆಗೆದರು. ಮೊದಲ ಎರಡು ವಚನಗಳಲ್ಲೇ ನಿಂತೆವು. ಜನ ದೂರ ಇಡುತ್ತಿದ್ದ ಸುಂಕದವರೂ ಪಾಪಿಗಳೂ ಯೇಸುವಿನ ಮಾತು ಕೇಳಲು ಹತ್ತಿರ ಬರುತ್ತಿದ್ದರು. ಈತ ಇಂಥವರನ್ನು ಸೇರಿಸಿಕೊಂಡು ಅವರ ಜೊತೆ ಊಟ ಮಾಡುತ್ತಾನಲ್ಲ ಎಂದು ಧರ್ಮಶಾಸ್ತ್ರವನ್ನು ಬಿಗಿಯಾಗಿ ಪಾಲಿಸುತ್ತಿದ್ದ ಫರಿಸಾಯರೂ ಅದನ್ನು ಕಲಿಸುತ್ತಿದ್ದ ಶಾಸ್ತ್ರಿಗಳೂ ಗೊಣಗಿದರು. ಆಗ ಹೇಳಿದ ಕಥೆಗಳು ಇವು. ಹಂದಿ ಕಾಯುತ್ತಿದ್ದವನಿಗೆ ಧೈರ್ಯ ತುಂಬಲು ಮಾತ್ರ ಹೇಳಿದ್ದಲ್ಲ. ನಿಯಮ ತಪ್ಪದೆ ಬದುಕಿ, ಈಗ ಊಟದ ಮನೆಯ ಹೊರಗೆ ಮುಖ ಗಂಟಿಕ್ಕಿಕೊಂಡು ನಿಂತವರಿಗೆ ಹೇಳಿದ್ದು. ಅಂದರೆ ಯೇಸು ಅಕ್ಕನಂಥವರ ಕಡೆಗೇ ತಿರುಗಿ ಕೂತು ಮಾತಾಡಿದ್ದಾರೆ. ಅಕ್ಕನಿಗೆ ಇದು ಹೊಸದಾಗಿತ್ತು. ಆ ಎರಡು ವಚನವನ್ನು ಅವರು ಮತ್ತೆ ಓದಿದರು.

ಆಮೇಲೆ ನಾಣ್ಯ. ಒಬ್ಬ ಹೆಂಗಸಿನ ಹತ್ತಿರ 10 ಬೆಳ್ಳಿ ನಾಣ್ಯಗಳಿವೆ. ಗ್ರೀಕ್ ಮೂಲದಲ್ಲಿ ಅದು ದ್ರಾಕ್ಮ. ಒಬ್ಬ ಕೂಲಿಯ ಒಂದು ದಿನದ ದುಡಿಮೆಗೆ ಸುಮಾರು ಸರಿ. ಒಂದು ಬಿದ್ದುಹೋಗುತ್ತದೆ. ಅವಳು ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಕ್ಕುವ ತನಕ ಹುಡುಕುತ್ತಾಳೆ. ಸಿಕ್ಕಿದ ಮೇಲೆ ಗೆಳತಿಯರನ್ನೂ ನೆರೆಯವರನ್ನೂ ಕರೆದು, ನನ್ನ ಜೊತೆ ಸಂತೋಷಪಡಿ ಎನ್ನುತ್ತಾಳೆ. ನೆಲದ ಮೇಲೆ ಬಗ್ಗಿ, ಧೂಳಿನಲ್ಲಿ ಕಣ್ಣಿಟ್ಟು ಹುಡುಕುವ ಈ ಹೆಂಗಸನ್ನು ಯೇಸು ದೇವರಿಗೆ ಹೋಲಿಸಿದರು. ದೇವರು ನಮ್ಮನ್ನು ಹುಡುಕುವುದು ಹೀಗೂ ಇರುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

"ಹಾಗಾದರೆ ನಾನೂ ಕಳೆದುಹೋದವಳು ಅಂತೀರಾ?" ಅಕ್ಕನ ದನಿ ಬಿರುಸಾಯಿತು. "ನಾನೇನು ತಪ್ಪು ಮಾಡಿದೆ?"

"ನಾಣ್ಯ ಏನು ತಪ್ಪು ಮಾಡಿತ್ತು?" ಎಂದು ಕೇಳಿದೆ.

ಕುರಿ ದಾರಿ ತಪ್ಪಿತು. ಮಗ ಬೇಕೆಂದೇ ಹೊರಟುಹೋದ. ನಾಣ್ಯ ಎಲ್ಲಿಗೂ ಹೋಗಲಿಲ್ಲ. ಯಾರದೋ ಕೈಯಿಂದ ಜಾರಿತು, ಮೂಲೆ ಸೇರಿತು, ಮೇಲೆ ಧೂಳು ಕೂತಿತು. ಅದರ ಮೇಲಿನ ಮುದ್ರೆ ಅಳಿಯಲಿಲ್ಲ, ಬೆಳ್ಳಿ ತವರವಾಗಲಿಲ್ಲ. ಕಳೆದುಹೋಗುವುದಕ್ಕೆ ಪ್ರತಿ ಸಲವೂ ತಪ್ಪು ಮಾಡಿಯೇ ಇರಬೇಕಾಗಿಲ್ಲ. ಒಬ್ಬರನ್ನು ದಿನಾ ನೋಡುತ್ತಾ ನೋಡುತ್ತಾ ಮನೆಯವರ ಕಣ್ಣಿಗೆ ಅವರು ಕಾಣದೇ ಹೋಗಬಹುದು. ಮೇಜು ಕುರ್ಚಿಯ ಹಾಗೆ. ಅಕ್ಕನಿಗೆ ಆದದ್ದು ಅದೇ. "ಒಂದು ದಿನವೂ ಯಾರೂ ನನ್ನ ದಾರಿ ಕಾಯಲಿಲ್ಲ ಮೇಡಂ. ನಾನು ಯಾವಾಗಲೂ ಇದ್ದೆನಲ್ಲ," ಎಂದರು.

ಹಾಗಂತ ಅಕ್ಕನ ಕಡೆ ಏನೂ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವರೇ ಹೇಳಿಕೊಂಡರು. "ಅವನು ಎಲ್ಲೋ ಸತ್ತುಹೋಗಿದ್ದಾನೆ ಅಂತ ಒಳಗೊಳಗೇ ಅಂದ್ಕೊಂಡಿದ್ದೆ. ಬಂದಾಗ ಬೇಜಾರಾಯ್ತು." ಇದನ್ನು ಹೇಳಿ ನನ್ನ ಮುಖ ನೋಡಿದರು. ನಾನು ಬೆಚ್ಚಿಬೀಳುತ್ತೇನೋ ಎಂದು ನೋಡುತ್ತಿದ್ದರು. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಸಾಕ್ಷಿ ಹೇಳುವ ಸಭೆಯಲ್ಲಿ ಇಂಥ ಮಾತಿಗೆ ಜಾಗವೇ ಇರುವುದಿಲ್ಲ. ದೇವರ ಮುಂದೆ ಇದೆ.

ಕೊನೆಗೆ, ಮನೆಯಲ್ಲೇ ಉಳಿದಿದ್ದ ಹಿರಿಯ ಮಗನ ಭಾಗಕ್ಕೆ ಬಂದೆವು. ಇಲ್ಲಿ ನಿಧಾನವಾಗಿ ಓದಬೇಕು. ಅವನು ಹೊಲದಿಂದ ಬರುತ್ತಾನೆ, ಮನೆಯೊಳಗಿಂದ ವಾದ್ಯದ ಸದ್ದು ಕೇಳುತ್ತದೆ. ಏನು ವಿಷಯ ಎಂದು ಆಳನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ. ಅವನಿಗೆ ಯಾರೂ ಹೇಳಿ ಕಳಿಸಿಲ್ಲ. ಕೋಪ ಬಂದು ಹೊರಗೇ ನಿಲ್ಲುತ್ತಾನೆ. ಅವನು ಆಡುವ ಮಾತಿನಲ್ಲಿ 'ಅಪ್ಪಾ' ಎಂಬ ಪದವೇ ಇಲ್ಲ. ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ, ನನಗೆ ಒಂದು ಆಡಿನಮರಿಯನ್ನೂ ಕೊಡಲಿಲ್ಲ ಎನ್ನುತ್ತಾನೆ. ತಮ್ಮ ಎನ್ನುವುದಿಲ್ಲ, 'ಈ ನಿನ್ನ ಮಗ' ಎನ್ನುತ್ತಾನೆ. ಓದುತ್ತಾ ಅಕ್ಕ ತಮ್ಮ ನೋಟ್‌ಬುಕ್ ಇಟ್ಟ ಚೀಲದ ಮೇಲೆ ಕೈ ಇಟ್ಟರು. ನಾನು ಏನೂ ಹೇಳಬೇಕಾಗಲಿಲ್ಲ.

ಕಿರಿಯವನು ದೂರದೇಶದಲ್ಲಿ ಕೂತು ಬಾಯಿಪಾಠ ಮಾಡಿಕೊಂಡ ಮಾತು ಯಾವುದು? ನನ್ನನ್ನು ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಹಿರಿಯವನ ಮಾತು ಯಾವುದು? ಗುಲಾಮನ ಹಾಗೆ ದುಡಿದೆ. ಒಬ್ಬ ಹೊರಗೆ ಹೋದ, ಒಬ್ಬ ಒಳಗಿದ್ದ. ಇಬ್ಬರೂ ಅಪ್ಪನ ಮನೆಯನ್ನು ಕೂಲಿಯ ಮನೆ ಅಂದುಕೊಂಡಿದ್ದರು. ಇಬ್ಬರ ಹತ್ತಿರವೂ ಲೆಕ್ಕದ ಪುಸ್ತಕ. ಒಬ್ಬನದರಲ್ಲಿ ಸಾಲ, ಇನ್ನೊಬ್ಬನದರಲ್ಲಿ ಬರಬೇಕಾದ ಬಾಕಿ. ಅಪ್ಪ ಇಬ್ಬರ ಲೆಕ್ಕವನ್ನೂ ತೆರೆದು ನೋಡಲಿಲ್ಲ. ಕಿರಿಯವನನ್ನು ಇನ್ನೂ ದೂರದಲ್ಲಿರುವಾಗಲೇ ಕಂಡು ಓಡಿಹೋಗಿ ತಬ್ಬಿಕೊಂಡ. ಹಿರಿಯವನಿಗಾಗಿ, ಮನೆ ತುಂಬ ನೆಂಟರಿದ್ದಾಗ, ಊಟ ಬಿಟ್ಟು ಎದ್ದು ಹೊರಗೆ ಬಂದ. ಒಂದು ಮಾತು ಹೇಳಿ ಒಳಗೆ ಹೋಗಲಿಲ್ಲ. ಮೂಲದ ಕ್ರಿಯಾಪದ ಹೇಳುವುದು, ಬೇಡಿಕೊಳ್ಳುತ್ತಲೇ ಇದ್ದ ಎಂದು. 'ಅಪ್ಪಾ' ಎನ್ನದ ಮಗನನ್ನು ಅವನು ಕರೆದದ್ದು 'ಟೆಕ್ನೋನ್' ಎಂದು. ಮಗು, ಕಂದ ಅನ್ನುವ ಗ್ರೀಕ್ ಪದ. ಕಂದಾ, ನೀನು ಯಾವಾಗಲೂ ನನ್ನ ಜೊತೆ ಇದ್ದೀಯ, ನನ್ನದೆಲ್ಲ ನಿನ್ನದೇ.

ಹೊರಟುಹೋದವನನ್ನು ಹುಡುಕುವ ದೇವರು ನಮಗೆಲ್ಲ ಗೊತ್ತು. ಮನೆಯೊಳಗೆ ದೀಪ ಹಿಡಿದುಕೊಂಡು, ಮೂಲೆಯಲ್ಲಿ ಧೂಳು ಹಿಡಿದು ಕೂತವರನ್ನು ಹುಡುಕುವವನೂ ಅವನೇ. ಸಿಕ್ಕಾಗ ಅವನಿಗೆ ಆಗುವ ಸಂತೋಷ ಇಬ್ಬರ ವಿಷಯದಲ್ಲೂ ಒಂದೇ. ಇಷ್ಟನ್ನು ಅಕ್ಕನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ ಹೊರಗೆ ಬಂದ ಅಂತ ಓದಿದ್ದೆ. ಊಟ ಬಿಟ್ಟು ಬಂದ ಅಂತ ಯೋಚನೆ ಮಾಡಿರಲಿಲ್ಲ," ಎಂದರು.

ಇನ್ನು ಕೊಟ್ಟ ಸಲಹೆ. ಇದೆಲ್ಲ ಒಂದೇ ದಿನ ಹೇಳಿದ್ದಲ್ಲ, ಎರಡು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಂದದ್ದು.

ಸಂತೋಷವನ್ನು ನಟಿಸಬೇಡಿ ಎಂದೆ. ತಮ್ಮ ಬಂದದ್ದಕ್ಕೆ ಎಲ್ಲರ ಮುಂದೆ ಸ್ತೋತ್ರ ಹೇಳಿ ಎಂದು ಯಾರಾದರೂ ಒತ್ತಾಯ ಮಾಡಿದರೆ, 'ನನಗೆ ಇನ್ನೂ ಸ್ವಲ್ಪ ಸಮಯ ಬೇಕು' ಅಂದರೆ ಸಾಕು. ಕಥೆಯಲ್ಲಿ ಅಪ್ಪನೂ ಹಿರಿಯವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಲಿಲ್ಲ. ಅವನು ಒಳಗೆ ಹೋದನೋ ಇಲ್ಲವೋ ಎಂದು ಲೂಕ ಬರೆದೇ ಇಲ್ಲ. ಬಾಗಿಲು ತೆರೆದಿದೆ ಎನ್ನುವಲ್ಲಿಗೆ ಕಥೆ ನಿಲ್ಲುತ್ತದೆ.

ಪ್ರಾರ್ಥನೆ ಬರುತ್ತಿಲ್ಲ ಎಂದರು. ಉದ್ದದ ಪ್ರಾರ್ಥನೆ ಬೇಡ, ಒಂದೇ ವಚನ ಸಾಕು ಎಂದು 119ನೇ ಕೀರ್ತನೆಯ ಕೊನೆಯ ವಚನ ತೋರಿಸಿದೆ. ಕೀರ್ತನೆಗಳಲ್ಲೆಲ್ಲ ಅತಿ ಉದ್ದದ್ದು ಅದು, 176 ವಚನ. ಹೆಚ್ಚುಕಡಿಮೆ ಪೂರ್ತಿ ದೇವರ ಆಜ್ಞೆಗಳ ಮೇಲಿನ ಪ್ರೀತಿಯೇ. ನಿಯಮ ಪಾಲಿಸಿದವರ ಹಾಡು, ಅಕ್ಕನ ಥರದವರ ಹಾಡು. ಅದು ಮುಗಿಯುವುದು ಹೇಗೆ ನೋಡಿ: ತಪ್ಪಿಹೋದ ಕುರಿಯಂತೆ ಅಲೆಯುತ್ತಿದ್ದೇನೆ, ನಿನ್ನ ಸೇವಕನನ್ನು ಹುಡುಕು, ನಿನ್ನ ಆಜ್ಞೆಗಳನ್ನು ನಾನು ಮರೆತಿಲ್ಲ. ಆಜ್ಞೆ ಮರೆಯದವನೂ ಅವನೇ, ಕಳೆದುಹೋದವನೂ ಅವನೇ. 'ನನ್ನನ್ನು ಹುಡುಕು' ಎಂದು ದೇವರನ್ನು ಕೇಳಲು ಮನೆ ಬಿಟ್ಟು ಹೋಗಿರಬೇಕಾಗಿಲ್ಲ. ಅಕ್ಕ ಆ ವಚನವನ್ನು ಚೀಟಿಯಲ್ಲಿ ಬರೆದುಕೊಂಡು ಅಪ್ಪನ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರು. ದಿನಾ ಕಣ್ಣಿಗೆ ಬೀಳುವ ಜಾಗ ಅದೊಂದೇ ಅಂದರು.

ಕ್ಷಮೆ ಬೇರೆ, ನಂಬಿಕೆ ಬೇರೆ, ದುಡ್ಡು ಬೇರೆ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಕ್ಷಮಿಸುವುದೇ ಅಸಾಧ್ಯ ಎನ್ನಿಸುತ್ತದೆ. ಬೀರುವಿನ ಬೀಗದಕೈ ನಿಮ್ಮ ಹತ್ತಿರವೇ ಇರಲಿ ಎಂದೆ. ತಮ್ಮನ ಕೈಗೆ ದೊಡ್ಡ ಮೊತ್ತ ಕೊಡಬೇಡಿ. ಆಸ್ತಿಯ ಮಾತು ಬಂದರೆ ವಕೀಲರ ಮುಂದೆ ಆಗಲಿ, ಪ್ರಾರ್ಥನೆಯ ಮಧ್ಯೆ ಬೇಡ. ಇದು ಪ್ರೀತಿಯ ಕೊರತೆ ಅಲ್ಲ. ನಂಬಿಕೆ ಕಟ್ಟಲು ಅವನಿಗೆ ಸಮಯ ಕೊಡುವುದು.

ತಮ್ಮ ಕುಡಿತ ಬಿಟ್ಟೇಬಿಟ್ಟೆ ಎನ್ನುತ್ತಿದ್ದ. ಅದರ ಬಗ್ಗೆ ಖಡಾಖಂಡಿತವಾಗಿ ಹೇಳಿದೆ, ವೈದ್ಯರಿಗೆ ತೋರಿಸಿ ಎಂದು. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ ಮೊದಲ ಕೆಲವು ದಿನ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್, ಇಲ್ಲದ್ದು ಕಂಡಂತಾಗುವುದು, ಜೀವಕ್ಕೇ ಅಪಾಯ, ಎಲ್ಲ ಆಗಬಹುದು. ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು. ಮತ್ತೆ ಕುಡಿದರೆ ಬಂದದ್ದೇ ಸುಳ್ಳಾಯಿತು ಎಂದುಕೊಳ್ಳಬೇಡಿ ಎಂದೂ ಹೇಳಿದೆ. "ಪೂರ್ತಿ ಸರಿಹೋಗದೇ ಇರೋನಿಗೆ ಹಬ್ಬ ಯಾಕೆ?" ಎಂದು ಅಕ್ಕ ಕೇಳಿದ್ದರು. ಕುರುಬ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡದ್ದು ಸಂತೋಷದಿಂದ ಎಂದು ಲೂಕ ಬರೆಯುತ್ತಾನೆ. ಆಗ ಅವನಿನ್ನೂ ಅಡವಿಯಲ್ಲೇ ಇದ್ದ. ಕುರಿಯ ಭಾರ ಹೊತ್ತು ನಡೆಯುವ ದಾರಿ ಪೂರ್ತಿ ಮುಂದೆ ಇತ್ತು. ದೇವರ ಸಂತೋಷ ಮನೆ ತಲುಪುವವರೆಗೆ ಕಾಯುವುದಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ರಜೆ. ವಾರದಲ್ಲಿ ಒಂದು ದಿನ ಅಪ್ಪನ ಪೂರ್ತಿ ಜವಾಬ್ದಾರಿ ತಮ್ಮನದಾಗಲಿ ಎಂದೆ. "ಅವನಿಗೆ ಮಾತ್ರೆ ಗೊತ್ತಾಗಲ್ಲ," "ಅಪ್ಪನಿಗೆ ಅವನ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳೋಕೆ ಸಂಕೋಚ," ಎಂದು ಹತ್ತು ಕಾರಣ ಬಂದವು. ದುಡಿಮೆಯ ಮೇಲೆ ಎಷ್ಟು ಸಿಟ್ಟಿದ್ದರೂ ಅದನ್ನು ಕೈಬಿಡುವುದು ಸುಲಭವಲ್ಲ. ಅದೂ ಹೋದರೆ ಈ ಮನೆಯಲ್ಲಿ ನಾನು ಯಾರು ಎಂಬ ಭಯ ಇರುತ್ತದೆ. ಮೂರು ವಾರ ಬೇಕಾಯಿತು. ಮಾತ್ರೆಗಳ ಪಟ್ಟಿ ಬರೆದು ಗೋಡೆಗೆ ಹಚ್ಚಿದರು. ಮೊದಲ ರಜೆಯ ದಿನ ಎಲ್ಲಿಗೂ ಹೋಗಲಿಲ್ಲವಂತೆ. ಗೆಳತಿಯ ಮನೆಯಲ್ಲಿ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದರಂತೆ. ಅದನ್ನು ಹೇಳುವಾಗ ನಾಚಿಕೊಂಡರು. ನನಗೆ ತುಂಬ ಖುಷಿಯಾಯಿತು.

ಕೊನೆಯದು, ಅಪ್ಪನ ಹತ್ತಿರ ಮಾತು. ನೋಟ್‌ಬುಕ್ ಅವರ ಮುಂದೆ ಇಡಬೇಡಿ ಎಂದೆ. ಲೆಕ್ಕ ಮುಂದಿಟ್ಟರೆ ಎದುರಿನವರೂ ಲೆಕ್ಕಕ್ಕೆ ಇಳಿಯುತ್ತಾರೆ. ದೀಪದ ವಿಷಯ ಮಾತ್ರ ಹೇಳಿ. ತಾವೊಬ್ಬರೇ ಇದ್ದರೆ ಹೇಳಲಾಗುವುದಿಲ್ಲ ಎಂದರು ಅಕ್ಕ. ಹಾಗಾಗಿ ಅಪ್ಪನನ್ನು ಕರೆದುಕೊಂಡು ಬಂದರು.

ವಯಸ್ಸಾದ, ಮೃದು ಮುಖದ ಮನುಷ್ಯ. ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕೂತಿದ್ದರು. ಅಕ್ಕ ದೀಪದ ಮಾತು ಹೇಳಿದರು. ಮೂರೇ ಸಾಲು. ಅಪ್ಪ ಮೊದಲು, "ಸುಮ್ನೆ ಕರೆಂಟ್ ಯಾಕೆ ಅಂತ ಆರಿಸ್ದೆ," ಎಂದರು. ಆಮೇಲೆ, "ನೀನು ಎಲ್ಲಿಗೂ ಹೋಗಿರಲಿಲ್ವಲ್ಲಮ್ಮ," ಎಂದರು. ನಾನು ಅವರಿಗೆ ಒಂದೇ ಮಾತು ಹೇಳಿದೆ. ನೀವು ಸಾಕ್ಷಿ ಹೇಳಿದ ಕಥೆಯಲ್ಲಿ ಅಪ್ಪ ಎರಡು ಸಲ ಮನೆಯಿಂದ ಹೊರಗೆ ಬರುತ್ತಾನೆ ಎಂದೆ. ಅವರು ತಲೆ ತಗ್ಗಿಸಿ ಎಡಗೈಯ ಬೆರಳುಗಳನ್ನು ಒಂದೊಂದಾಗಿ ನೀವುತ್ತಾ ಕೂತರು. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಅವಳು ಕೆಲಸದಿಂದ ಎಷ್ಟು ಗಂಟೆಗೆ ಬರ್ತಾಳೆ ಅಂತ ನನಗೆ ಸರಿಯಾಗಿ ಗೊತ್ತಿಲ್ಲ ಮೇಡಂ," ಎಂದರು.

ತಮ್ಮನನ್ನು ನಾನು ಒಂದೇ ಸಲ ನೋಡಿದ್ದು. ಅವನಿನ್ನೂ ತನ್ನ ಹಳೆಯ ಕೋಣೆಯಲ್ಲಿ ಮಲಗುವುದಿಲ್ಲ. ಬಾಗಿಲ ಹತ್ತಿರ ಚಾಪೆ ಹಾಕಿಕೊಳ್ಳುತ್ತಾನೆ. ಅವನಿಗೆ ಬೇರೆ ಸಲಹೆಗಾರರ ವಿಳಾಸ ಕೊಟ್ಟಿದ್ದೇನೆ. ಅವನದು ಬೇರೆಯೇ ದಾರಿ.

ಎರಡು ವಾರ ಏನೂ ಬದಲಾಗಲಿಲ್ಲ. ಮೂರನೆಯ ವಾರ ಅಕ್ಕ ಬಂದು ಕೂತವರೇ ಚೀಲವನ್ನು ಕೆಳಗಿಟ್ಟರು. ಹಿಂದಿನ ರಾತ್ರಿ ಕೆಲಸದಲ್ಲಿ ತಡವಾಗಿತ್ತಂತೆ. ಬೀದಿಯ ತಿರುವಿನಲ್ಲೇ ಕಂಡಿತಂತೆ, ಬಾಗಿಲ ದೀಪ ಉರಿಯುತ್ತಿತ್ತು. ಅದರ ಕೆಳಗೆ ಅಪ್ಪ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು ಕೂತಿದ್ದರು.

"ನಾನು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೇಬಿಟ್ಟೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, ಬಂದ್ಯಾ ಕಂದಾ, ಅಂದರು."

ತಮ್ಮನ ಜೊತೆ ಊಟಕ್ಕೆ ಕೂರಲು ಅಕ್ಕನಿಗೆ ಇನ್ನೂ ಆಗುತ್ತಿಲ್ಲ. ಅದನ್ನೂ ಅವರೇ ಹೇಳಿದರು. ಆಮೇಲೆ ಇನ್ನೊಂದು ಮಾತು ನೆನಪು ಮಾಡಿಕೊಂಡರು. ಆ ಬಲ್ಬು ಹಾಳಾಗಿತ್ತಂತೆ. ಅಪ್ಪನಿಗೆ ಕೈ ಎತ್ತಲು ಆಗುವುದಿಲ್ಲ. ಆ ಸಂಜೆ ಸ್ಟೂಲು ಹತ್ತಿ ಹೊಸದನ್ನು ಹಾಕಿದ್ದು ತಮ್ಮನಂತೆ.